ಚಿಕ್ಕತಾಯಿಯ ಗೋಗ್ರಾಸ

ಸಂಕರ್ಷಣರಾಯರು ಡಾಕ್ಟರಲ್ಲ. ಆದರೂ ಬಸವನಗುಡಿಯ ಅವರ ಬೀದಿಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಅವರನ್ನು ಕರೆಯುತ್ತಿದ್ದುದು ಡಾಕ್ಟ್ರು ಎಂದೇ. ಪಶುಪಾಲನಾ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಅವರು ಮಾಡಿದ್ದು ಒಂದೇ ಬಗೆಯ ಕೆಲಸ. ಥರ್ಮಾಸಿನಂಥ ಡಬ್ಬಿಯೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಮಾಗಡಿ, ರಾಮನಗರ, ಕುಣಿಗಲ್ ಕಡೆಯ ಹಳ್ಳಿಗಳನ್ನು ಸುತ್ತಿ, ಬೆದೆಗೆ ಬಂದ ಹಸುಗಳಿಗೆ ಸೀಮೆ ಹೋರಿಯ ವೀರ್ಯ ಸೇರಿಸುವುದು, ಅಲ್ಲಿನ ನಾಡ ಹೋರಿಗಳ ಬೀಜ ಒಡೆಯುವುದು. ಹಳ್ಳಿಯವರು ಮುಚ್ಚುಮರೆಯಿಲ್ಲದೆ ಇಂಜೆಕ್ಷನ್ ರಾಯರು ಅಂದರು. ಬಸವನಗುಡಿಯವರಿಗೆ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಡಾಕ್ಟ್ರು ಅಂದುಬಿಟ್ಟರು. ರಾಯರೂ ಬೇಡವೆನ್ನಲಿಲ್ಲ. ಪುಕ್ಕಟೆ ಬಂದ ಪದವಿಯನ್ನು ಯಾರು ಬೇಡವೆನ್ನುತ್ತಾರೆ?

ನಿವೃತ್ತರಾದ ಮೇಲೆ ಹಸುವಿನ ಮುಖ ನೋಡಬೇಕಾಗಿಲ್ಲ ಎಂದು ಅವರು ಹಾಯಾಗಿದ್ದರು. ಹಾಗಿರಲು ಬಿಡದೆ ಇದ್ದದ್ದು ಅವರ ಹೆಂಡತಿ ಗೋದಾಬಾಯಿಯ ಕರುಳು. ತೊಂಬತ್ತಾರನೇ ಇಸವಿಯಲ್ಲಿ ಆಕೆಗೆ ಹೊಟ್ಟೆಯ ಕಾಯಿಲೆ ಹಿಡಿಯಿತು. ತಿಂದದ್ದು ನಿಲ್ಲದು, ಕುಡಿದದ್ದು ಒಗ್ಗದು. ಮೂರು ಆಸ್ಪತ್ರೆ ತಿರುಗಿದರು. ಹಾಲು ಮೊಸರು ಮುಟ್ಟಲೇಬೇಡಿ ಎಂದರು ದೊಡ್ಡ ಡಾಕ್ಟರು. ಕಡೆಯಲ್ಲಿ ಮಜ್ಜಿಗೆ ಅನ್ನ ಉಣ್ಣದೆ ಎಲೆಯಿಂದ ಏಳುವುದನ್ನೇ ಅರಿಯದ ಹೆಂಗಸು ಗಂಜಿಯ ಮುಂದೆ ಕೂತು ಸುಮ್ಮನೆ ಕಣ್ಣೀರು ಹಾಕುತ್ತಿದ್ದಳು. ರವಿಕೆಯೊಳಗೆ ತೋಳು ಇದೆಯೋ ಇಲ್ಲವೋ ಎನ್ನುವಷ್ಟು ಇಳಿದುಹೋದಳು. ರಾಯರಿಗೆ ಮೊದಲ ಸಲ ಮನೆಯಲ್ಲಿ ಒಬ್ಬರೇ ಆಗಿಬಿಡುವ ಭಯ ಹತ್ತಿತು.

ಗವಿಪುರದ ಗುಟ್ಟಹಳ್ಳಿಯಲ್ಲಿ ಹಾಲು ಮಾರುತ್ತಿದ್ದ ಪಿಳ್ಳಮ್ಮ ಗೋದಾಬಾಯಿಗೆ ಹಳೆಯ ಪರಿಚಯ. ನಂದಿನಿ ಪ್ಯಾಕೆಟ್ಟು ಬಂದ ಮೇಲೆ ದಿನವೂ ಮನೆಗೆ ಹಾಲು ಹಾಕುವ ವರ್ತನೆ ನಿಂತಿತ್ತು, ಮಾತು ನಿಂತಿರಲಿಲ್ಲ. ಒಂದು ದಿನ ನೋಡಲು ಬಂದವಳು ಸಣ್ಣ ತಂಬಿಗೆಯಲ್ಲಿ ಹಾಲು ತಂದಳು. ಇದು ತನ್ನ ಗಿಡ್ಡ ಹಸುವಿನದು, ತನ್ನ ತಾಯಿ ಬಾಣಂತಿಯರಿಗೂ ಮುದುಕರಿಗೂ ಇದನ್ನೇ ಕೊಡುತ್ತಿದ್ದಳು, ಹೆಪ್ಪು ಹಾಕಿ ಮಜ್ಜಿಗೆ ಮಾಡಿ ಎರಡೇ ಗುಟುಕು ಕುಡಿದು ನೋಡಿ ಎಂದಳು. ರಾಯರು ಬೇಡವೆಂದರು. ಅವರು ಪಾರ್ಕಿಗೆ ಹೋದಾಗ ಗೋದಾಬಾಯಿ ಕುಡಿದಳು. ಕುಡಿದದ್ದು ನಿಂತಿತು. ಮರುದಿನ ಅರ್ಧ ಲೋಟ, ವಾರ ಕಳೆಯುವಷ್ಟರಲ್ಲಿ ಮಜ್ಜಿಗೆ ಅನ್ನ. ವರ್ಷ ತುಂಬುವುದರೊಳಗೆ ಆಕೆ ಗಾಂಧಿಬಜಾರಿಗೆ ನಡೆದು ಹೋಗಿ ತರಕಾರಿಯವಳೊಡನೆ ಚೌಕಾಸಿ ಮಾಡುವಷ್ಟಾದಳು. ಔಷಧಿ ಕೆಲಸ ಮಾಡಿರಬಹುದು ಎಂದರು ದೊಡ್ಡ ಡಾಕ್ಟರು. ಇದ್ದರೂ ಇರಬಹುದು. ಹಾಲಿನಿಂದಲೇ ಆಯಿತೆಂದು ಎದೆ ತಟ್ಟಿ ಹೇಳಲು ರಾಯರಿಂದಲೂ ಆಗುತ್ತಿರಲಿಲ್ಲ. ಆದರೆ ಆ ಹಾಲು ತಪ್ಪಿದ ದಿನ ಹೆಂಡತಿಯ ಮುಖ ಬಾಡುವುದನ್ನು ಅವರು ಕಣ್ಣಾರೆ ಕಂಡಿದ್ದರು.

ಆ ಹಸುವನ್ನು ನೋಡಿಬರೋಣವೆಂದು ಗವಿಪುರಕ್ಕೆ ಹೋದರು. ಶೀಟು ಹೊದಿಸಿದ ಕೊಟ್ಟಿಗೆಯಲ್ಲಿ ಸೊಂಟದೆತ್ತರದ ಒಂದು ಕಪ್ಪು ಹಸು ಹುಲ್ಲು ಮೇಯುತ್ತಿತ್ತು. ಗಿಡ್ಡ ಕೊಂಬು, ಬೆನ್ನ ಮೇಲೆ ಡುಬ್ಬದಂಥ ಪುಟ್ಟದೊಂದು ಹಿಣಿಲು, ಮುಷ್ಟಿಗಾತ್ರದ ಕೆಚ್ಚಲು. ಹೆಸರು ಚಿಕ್ಕತಾಯಿ. ರಾಯರು ನಿಂತಲ್ಲೇ ನಿಂತರು. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಸಾವನದುರ್ಗದ ಸುತ್ತ ಇಂಥವು ಹಿಂಡುಹಿಂಡಾಗಿದ್ದವು. ಊರವರು ಗುಡ್ಡದ ಗಿಡ್ಡ ಎನ್ನುತ್ತಿದ್ದರು. ಇಲಾಖೆಯ ಪುಸ್ತಕದಲ್ಲಿ ಅದಕ್ಕೆ ಹೆಸರೂ ಇರಲಿಲ್ಲ, ಸುಧಾರಿಸಬೇಕಾದ ನಾಡ ದನ ಎಂದಷ್ಟೇ ಇತ್ತು. ಅವರು ಸುಧಾರಿಸಿದ್ದರು. ಸುಧಾರಿಸಿ ಸುಧಾರಿಸಿ ಒಂದೂ ಉಳಿಯದ ಹಾಗೆ ಮಾಡಿದ್ದರು.

ಪಿಳ್ಳಮ್ಮ ನಗುತ್ತಲೇ ಅಂದಳು: "ಮಾಗಡಿ ಕಡೆ ನಮ್ಮ ತಾಯಿ ಮನೆಯಿಂದ ಹೊಡ್ಕೊಂಡ್ ಬಂದ ಹಸ ಇತ್ತಲ್ಲ ಸ್ವಾಮಿ, ಅದರ ಮೊಮ್ಮಗಳ ಮಗಳು ಇದು. ಅಲ್ಲಿ ಬೇರೆ ಎಲ್ಲಕ್ಕೂ ನೀವೇ ಇಂಜೆಕ್ಷನ್ ಕೊಟ್ರಿ. ಇದರ ವಂಶ ಒಂದನ್ನ ನಿಮ್ಮ ಕಣ್ಣಿಗೆ ಬೀಳದಂಗೆ ಮಡಗಿದ್ದೆ."

ಅವತ್ತು ರಾಯರಿಗೆ ಊಟ ಸೇರಲಿಲ್ಲ. ತಾವು ಮಾಡಿದ್ದು ಪಾಪವೆಂದು ಅವರಿಗೆ ಅನ್ನಿಸಿತೇ ಎಂದರೆ, ಅಷ್ಟು ಸುಲಭವಾಗಿ ಅನ್ನಿಸಲಿಲ್ಲ. ಹಾಲಿಲ್ಲದ ಹಳ್ಳಿಗಳಿಗೆ ಹಾಲು ಬಂದದ್ದೂ ನಿಜ. ಮುಂದೆ ಒಂದು ವರ್ಷ ಅವರು ಭಾನುವಾರ ಭಾನುವಾರ ಕೃಷ್ಣರಾಜ ಮಾರುಕಟ್ಟೆಯಿಂದ ಬಸ್ಸು ಹತ್ತಿ, ಚಿಕ್ಕತಾಯಿಗೆ ಅದೇ ತಳಿಯ ಒಂದು ಹೋರಿ ಸಿಕ್ಕೀತೇ ಎಂದು ತಾವು ತಿರುಗಿದ ಹಳ್ಳಿಗಳನ್ನೆಲ್ಲ ಮತ್ತೆ ತಿರುಗಿದರು. ಹೋದಲ್ಲೆಲ್ಲ ಕೊಟ್ಟಿಗೆ ತುಂಬ ಕಪ್ಪು ಬಿಳಿ ಮಚ್ಚೆಯ ಸೀಮೆ ಹಸುಗಳು. ಹೋದಲ್ಲೆಲ್ಲ ಅವರನ್ನು ಕೂರಿಸಿ ಗಟ್ಟಿ ಹಾಲಿನ ಕಾಫಿ ಕೊಟ್ಟು, ನಿಮ್ಮ ಕೈಗುಣದಿಂದ ಮಗಳ ಮದುವೆ ಮಾಡಿದೆ ಸ್ವಾಮಿ ಎಂದು ಕೈಮುಗಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಕಾಫಿಯನ್ನು ನುಂಗುವುದೇ ಅವರಿಗೆ ಕಷ್ಟವಾಗುತ್ತಿತ್ತು.

ಕೊನೆಗೆ ಮಾಗಡಿಯಾಚೆಯ ಒಂದು ಪಾಳ್ಯದಲ್ಲಿ ಮಲ್ಲಿಕಾರ್ಜುನಯ್ಯ ಎಂಬ ರೈತರ ಮನೆಯಲ್ಲಿ ಒಂದು ಗಿಡ್ಡ ಹೋರಿ ಕಂಡಿತು. ಸುತ್ತಲ ಎಪ್ಪತ್ತು ಹಳ್ಳಿಗೆ ಅದೊಂದೇ. ಹಸುಗಳಿಗೆ ಬಿಡಲು ಅದು ಯಾರಿಗೂ ಬೇಕಿರಲಿಲ್ಲ. ಬೀಜ ಒಡೆಸಿ ಗಾಡಿಗೆ ಕಟ್ಟುವವರಿದ್ದರು. ರಾಯರು ಅವರ ಜಗಲಿಯ ಮೇಲೆ ಕೂತು ಅದನ್ನು ಒಡೆಸಬೇಡಿ ಎಂದು ಇಡೀ ಮಧ್ಯಾಹ್ನ ಬೇಡಿಕೊಂಡರು. ಮಲ್ಲಿಕಾರ್ಜುನಯ್ಯನವರಿಗೆ ತಳಿಯ ವಿಚಾರ ಅಷ್ಟಾಗಿ ತಲೆಗೆ ಹೋಗಲಿಲ್ಲ. ವಯಸ್ಸಾದವರು ಅಷ್ಟು ದೂರದಿಂದ ಬಂದು ಕೈಹಿಡಿದು ಕೇಳುತ್ತಿದ್ದಾರಲ್ಲ ಎಂದು ಒಪ್ಪಿದರು. ತೊಂಬತ್ತೆಂಟರ ಫೆಬ್ರವರಿಯಲ್ಲಿ ಚಿಕ್ಕತಾಯಿ ಬೆದೆಗೆ ಬಂದಾಗ ಅವಳನ್ನು ಟೆಂಪೋದಲ್ಲಿ ಹತ್ತಿಸಿಕೊಂಡು ಹೋಗಿ ಹೋರಿ ಕೊಡಿಸಿದರು. ಗಬ್ಬ ನಿಂತಿತು. ಎರಡು ತಿಂಗಳ ಮೇಲೆ ತಾವೇ ಪರೀಕ್ಷಿಸಿ ಖಚಿತ ಮಾಡಿಕೊಂಡ ದಿನ ರಾಯರು ಬುಲ್ ಟೆಂಪಲ್ ರಸ್ತೆಯಲ್ಲಿ ಒಬ್ಬರೇ ನಗುತ್ತ ಬಂದದ್ದನ್ನು ನೋಡಿದವರಿದ್ದಾರೆ.

ತೊಡಕು ಇದ್ದದ್ದು ಪಿಳ್ಳಮ್ಮನ ಮನೆಯಲ್ಲಿ. ಒಂದೂವರೆ ಲೀಟರ್ ಕರೆಯುವ ಹಸುವಿಗಾಗಿ ಕೊಟ್ಟಿಗೆಯ ಜಾಗ ಹಿಡಿದುಕೊಂಡು ಕೂರುವುದು ಅವಳ ಮಗ ಸ್ವರೂಪನಿಗೆ ಇಷ್ಟವಿರಲಿಲ್ಲ. ಅವನು ಕೆಟ್ಟವನೇನಲ್ಲ. ಖಾಯಂ ಆಗಿ ಹತ್ತು ಮನೆ ವರ್ತನೆ ಹಿಡಿದರೆ ಇರಲಿ, ಇಲ್ಲದಿದ್ದರೆ ದೀಪಾವಳಿಗೆ ಹಸುವನ್ನು ಸಂತೆಗೆ ಹೊಡೆದುಬಿಡುತ್ತೇನೆ ಎಂದು ತಾಯಿಗೆ ಹೇಳಿದ್ದ. ಹತ್ತು ಮನೆ ಹಿಡಿದುಕೊಡುವ ಭಾರವನ್ನು ರಾಯರು ತಮ್ಮ ಮೇಲೆ ಹಾಕಿಕೊಂಡರು.

ಕೃಷ್ಣರಾವ್ ಪಾರ್ಕಿನಲ್ಲಿ ಬೆಳಗಿನ ವಾಕಿಂಗಿಗೆ ಬರುವವರ ಮುಂದೆ ಅವರು ತಳಿಯ ಬಗ್ಗೆ ಮಾತಾಡಿದರು. ಈ ಹಸು ಬಿಸಿಲಿಗೆ ಬಾಡದು, ರೋಗಕ್ಕೆ ಬೀಳದು, ಸಿಕ್ಕ ಹುಲ್ಲು ತಿಂದು ಬದುಕುತ್ತದೆ, ನಾಳೆ ಯಾವುದೋ ಕಾಲ ಬಂದು ಸೀಮೆ ಹಸುಗಳೆಲ್ಲ ಮಲಗಿದರೆ ಮಕ್ಕಳಿಗೆ ಹಾಲು ಕೊಡಲು ಇಂಥದ್ದೇ ಬೇಕು ಎಂದರು. ಕೇಳಿದವರು ಹೌದೌದು ಅಂದರು, ಮನೆಗೆ ಹೋಗಿ ಪ್ಯಾಕೆಟ್ಟು ಕತ್ತರಿಸಿ ಕಾಫಿ ಕುಡಿದರು. ಎರಡು ತಿಂಗಳ ಉಪನ್ಯಾಸಕ್ಕೆ ಸಿಕ್ಕಿದ್ದು ಎರಡು ಮನೆ, ಅದರಲ್ಲಿ ಒಂದು ಅವರದೇ.

ಆಗ ರಾಯರು ಒಂದು ತಮಾಷೆ ಮಾಡಿದರು. ಪಿತೃಪಕ್ಷ ಹತ್ತಿರ ಬಂದಿತ್ತು. ಶ್ರಾದ್ಧದ ದಿನ ಹಸುವಿಗೆ ಗೋಗ್ರಾಸ ಕೊಡದೆ ಯಾವ ಮನೆಯೂ ಊಟಕ್ಕೆ ಕೂರುವುದಿಲ್ಲ. ಪಾರ್ಕಿನ ಬೆಂಚಿನ ಮೇಲೆ ಕೂತು ಅವರು, ನೀವೆಲ್ಲ ಗ್ರಾಸ ಕೊಡುವ ಹಸುಗಳಿಗೆ ಬೆನ್ನ ಮೇಲೆ ಹಿಣಿಲಿದೆಯೇ ಎಂದು ನೋಡಿದ್ದೀರಾ, ಹಿಣಿಲಿಲ್ಲದ್ದು ಸೀಮೆ ಪ್ರಾಣಿ, ಅದಕ್ಕೆ ಕೊಟ್ಟದ್ದು ನಮ್ಮ ಪಿತೃಗಳಿಗೆ ಸೇರುತ್ತದೋ ಇನ್ಯಾರದೋ ತಾತನಿಗೆ ಸೇರುತ್ತದೋ ಎಂದರು. ಅವರಿಗೆ ಅದರಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಆದರೆ ಎರಡು ತಿಂಗಳ ವಿಜ್ಞಾನ ಮಾಡದ ಕೆಲಸವನ್ನು ಆ ಒಂದು ಮಾತು ಎರಡು ದಿನದಲ್ಲಿ ಮಾಡಿತು. ಅಪ್ಪಟ ನಾಡ ಹಸು ಎಲ್ಲಿದೆ ಎಂದು ಜನ ಹುಡುಕಿಕೊಂಡು ಬಂದರು. ಪಕ್ಷ ಮುಗಿಯುವಷ್ಟರಲ್ಲಿ ಎಂಟು ಮನೆ ವರ್ತನೆಗೆ ಒಪ್ಪಿದವು. ಚಿಕ್ಕತಾಯಿಯ ಹಾಲು ಆಗಲೇ ಬತ್ತುತ್ತ ಬಂದಿತ್ತು, ಈದ ಮೇಲೆ ಕೊಟ್ಟರೆ ಸಾಕು ಎಂದರು. ಮಹಾಲಯ ಅಮಾವಾಸ್ಯೆಯ ದಿನ ಎಲ್ಲರಿಗೂ ಅವಳಿಗೇ ಗ್ರಾಸ ಕೊಡಬೇಕು. ರಾಯರು ಅದಕ್ಕೂ ಒಪ್ಪಿ, ಹಸು ತಮ್ಮ ಮನೆಯ ಗೇಟಿಗೆ ಬರುತ್ತದೆ, ಹನ್ನೊಂದರಿಂದ ಹನ್ನೆರಡು ಎಂದು ಹೇಳಿದರು.

ಪಿಳ್ಳಮ್ಮ ಮಾತ್ರ ಅನುಮಾನಿಸಿದಳು. ಏಳು ತಿಂಗಳ ಗಬ್ಬ, ಅನ್ನ ತಿನ್ನಿಸಬಹುದೇ ಎಂದು ಎರಡು ಸಲ ಕೇಳಿದಳು. ಮನೆಗೆ ಒಂದೇ ತುತ್ತು, ನಿಂಬೆಹಣ್ಣಿನ ಗಾತ್ರದ್ದು, ಮಿಕ್ಕದ್ದಕ್ಕೆ ಅಗಸೆ ಸೊಪ್ಪು ತರಲಿ, ನಾನೇ ಗೇಟಿನಲ್ಲಿ ನಿಂತು ನೋಡಿಕೊಳ್ಳುತ್ತೇನೆ ಎಂದು ರಾಯರು ಮಾತು ಕೊಟ್ಟರು. ಹಸುವಿನ ಹೊಟ್ಟೆಗೆ ಅನ್ನ ಅತಿಯಾದರೆ ಏನಾಗುತ್ತದೆಂದು ಆ ಬೀದಿಯಲ್ಲಿ ಅವರಷ್ಟು ಚೆನ್ನಾಗಿ ತಿಳಿದವರು ಬೇರೆ ಯಾರೂ ಇರಲಿಲ್ಲ.

ಅಮಾವಾಸ್ಯೆ ಭಾನುವಾರ ಬಿತ್ತು. ರಾಯರ ಮನೆಯಲ್ಲೂ ಅವತ್ತೇ ತಂದೆಯ ಪಕ್ಷ. ಪುರೋಹಿತ ವಾದಿರಾಜಾಚಾರ್ಯರು ಒಂಬತ್ತಕ್ಕೆ ಬಂದು ಹನ್ನೊಂದರೊಳಗೆ ಮುಗಿಸಿಕೊಡುತ್ತೇನೆ ಎಂದಿದ್ದರು. ಆದರೆ ಅಮಾವಾಸ್ಯೆಯ ದಿನ ಆಚಾರ್ಯರನ್ನು ಹಿಡಿಯುವುದು ಆಟೋ ಹಿಡಿಯುವುದಕ್ಕಿಂತ ಕಷ್ಟ. ಚಾಮರಾಜಪೇಟೆಯಲ್ಲಿ ಎರಡು ಮನೆ, ನರಸಿಂಹರಾಜ ಕಾಲೋನಿಯಲ್ಲಿ ಒಂದು ಮುಗಿಸಿ ಅವರು ಒಳಗೆ ಕಾಲಿಟ್ಟಾಗ ಹತ್ತೂಮುಕ್ಕಾಲು. ಹಸುವಿಗೆ ಬರಬೇಡವೆಂದು ಹೇಳಿಕಳಿಸಲು ಗುಟ್ಟಹಳ್ಳಿಗೆ ಓಡುವವರು ಯಾರೂ ಇರಲಿಲ್ಲ. ರಾಯರು ಒದ್ದೆ ಪಂಚೆಯಲ್ಲಿ ಮಣೆಯ ಮೇಲೆ ಕೂತರು. ಗೋದಾಬಾಯಿ ಮಡಿಯಲ್ಲಿ ಒಲೆಯ ಮುಂದಿದ್ದಳು. ಗೇಟಿನಲ್ಲಿ ನಿಲ್ಲಲು ಮನೆಯವರು ಯಾರೂ ಉಳಿಯಲಿಲ್ಲ.

ಚಿಕ್ಕತಾಯಿಯ ಕೊರಳ ಗಂಟೆ ಕೇಳಿದಾಗ ಆಚಾರ್ಯರು ಬ್ರಾಹ್ಮಣರ ಕಾಲು ತೊಳೆಸುತ್ತಿದ್ದರು. ಆಮೇಲೆ ಗೇಟಿನ ಸದ್ದು, ಚಪ್ಪಲಿಯ ಸದ್ದು, ಹೆಂಗಸರ ಮಾತು. ಸದ್ದು ಹೆಚ್ಚುತ್ತ ಹೋಯಿತು. ರಾಯರು ಹತ್ತು ಮನೆಯೆಂದು ಎಣಿಸಿದ್ದರು. ಅವರ ತಮಾಷೆ ವಿಶ್ವೇಶ್ವರಪುರಂ ದಾಟಿ ಹೋಗಿತ್ತೆಂದು ಅವರಿಗೆ ಗೊತ್ತಿರಲಿಲ್ಲ. ಮಂತ್ರಕ್ಕೆ ಬಾಯಾಡಿಸುತ್ತ ಅವರು ಕಿವಿಯನ್ನು ಹೊರಗಿಟ್ಟು ಕೂತಿದ್ದರು. ಸುಳ್ಳೇಕೆ, ಆ ಗದ್ದಲ ಅವರಿಗೆ ಹಿತವಾಗಿತ್ತು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಅವರಿದ್ದಲ್ಲಿಗೆ ಜನ ಹೀಗೆ ಸೇರಿ ಬಂದದ್ದೇ ಇರಲಿಲ್ಲ. ಇಷ್ಟು ಮಂದಿ ಬಂದರೆ ಹತ್ತಲ್ಲ, ಇಪ್ಪತ್ತು ಮನೆ ವರ್ತನೆ ಸಿಗುತ್ತದೆ, ಕರು ಉಳಿಯುತ್ತದೆ, ಮುಂದೆ ಕರುವಿನ ಕರು ಎಂದು ಅವರ ಮನಸ್ಸು ಲೆಕ್ಕ ಹಾಕುತ್ತಿತ್ತು.

ಅಡಿಗೆಮನೆಯ ಕಿಟಕಿಯ ಕಡೆಯಿಂದ ಪಿಳ್ಳಮ್ಮನ ದನಿ ಬಂತು. "ಸ್ವಾಮಿ, ಜನ ಜಾಸ್ತಿ ಆಯ್ತು. ನಾನು ಹೇಳಿದ್ರೆ ಕೇಳ್ತಾ ಇಲ್ಲ. ಒಂದು ಮಾತು ಹೇಳ್ಹೋಗಿ."

ರಾಯರು ಆಚಾರ್ಯರ ಮುಖ ನೋಡಿದರು. ಬೆರಳಲ್ಲಿ ದರ್ಭೆಯ ಪವಿತ್ರ, ಜನಿವಾರ ಬಲ ಹೆಗಲಿಗೆ ಬಂದಿತ್ತು, ಎದುರಿನ ದರ್ಭೆಯ ಮೇಲೆ ಪಿಂಡ ಇಟ್ಟಾಗಿತ್ತು. ಎದ್ದು ಮೈಲಿಗೆಯಾದರೆ ಮತ್ತೆ ಸ್ನಾನ, ಮತ್ತೆ ಮೊದಲಿನಿಂದ.

"ಈಗ ಏಳೋ ಹಾಗಿಲ್ಲ ರಾಯರೇ," ಎಂದರು ಆಚಾರ್ಯರು, ಮೆತ್ತಗೆ. "ನಿಮ್ಮ ತಂದೆಯೋರು ಬಂದು ಕೂತಿದಾರೆ. ಅರ್ಧ ಗಂಟೆ, ಅಷ್ಟೇ."

ರಾಯರು ಕೂತರು. ಇನ್ನೊಂದು ಸಲ ಕರೆದಾಗಲೂ ಕೂತೇ ಇದ್ದರು. ಎರಡನೇ ಸಲ ಪಿಳ್ಳಮ್ಮ ಹೆಚ್ಚು ಮಾತಾಡಲಿಲ್ಲ, ಸ್ವಾಮಿ ಅಂದಳು, ಅಷ್ಟೇ. ಆಮೇಲೆ ಕರೆಯಲಿಲ್ಲ.

ಅರ್ಧ ಗಂಟೆ ಒಂದೂಕಾಲು ಗಂಟೆಯಾಯಿತು. ಅವರು ಹೊರಗೆ ಬಂದಾಗ ಗೇಟಿನ ಮುಂದೆ ಬಾಳೆಯೆಲೆಯ ರಾಶಿ, ಸ್ಟೀಲ್ ಡಬ್ಬಿಗಳು, ಚೆಲ್ಲಿದ ಪಾಯಸ, ಅರ್ಧ ಕಚ್ಚಿದ ವಡೆ. ಅಗಸೆ ಸೊಪ್ಪು ಎಲ್ಲೂ ಕಾಣಲಿಲ್ಲ. ಕೊನೆಯ ಮನೆಯ ಸರಸ್ವತಮ್ಮನವರು ತಮ್ಮ ಗಂಡನ ಹೆಸರಿನಲ್ಲಿ ಒಂದು ಬಕೆಟ್ಟು ನೆನೆಸಿದ ಅಕ್ಕಿಗೆ ಬೆಲ್ಲ ಕಲಸಿ ತಂದು, ಖಾಲಿ ಬಕೆಟ್ಟನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಯಾರದೂ ಕೆಟ್ಟ ಮನಸ್ಸಿರಲಿಲ್ಲ. ಅಷ್ಟು ಭಕ್ತಿಯಿಂದ ಆ ಹಸುವಿಗೆ ಯಾರೂ ಯಾವತ್ತೂ ತಿನ್ನಿಸಿರಲಿಲ್ಲ. ಚಿಕ್ಕತಾಯಿಯ ಹಣೆಗೆ ಅಂಗೈಯಗಲದ ಕುಂಕುಮ, ಕೊರಳಿಗೆ ಏಳೆಂಟು ಹಾರ. ಎಡಗಡೆಯ ಹೊಟ್ಟೆ ಆಗಲೇ ಬಿಗಿದು ನಿಂತಿತ್ತು. ಅವಳು ಮೆಲುಕು ಹಾಕುತ್ತಿರಲಿಲ್ಲ.

"ಎಷ್ಟು ತಿಂತು?" ಎಂದರು ರಾಯರು.

"ಎಷ್ಟು ಅಂತ ಹೇಳ್ಲಿ ಸ್ವಾಮಿ," ಎಂದಳು ಪಿಳ್ಳಮ್ಮ. "ನಿಮ್ಮ ದೇವ್ರ ಪ್ರಸಾದ. ಬೇಡ ಅಂತ ಹಸಿನ ಬಾಯಿ ಹೆಂಗೆ ಕಟ್ಲಿ?"

ಮುಂದಿನದು ಅವರಿಗೆ ಬಾಯಿಪಾಠವಾಗಿತ್ತು, ಅದೇ ದೊಡ್ಡ ಶಿಕ್ಷೆ. ಅನ್ನ ಬೆಲ್ಲ ಒಳಗೆ ಹುಳಿಯುತ್ತದೆ, ಹುಳಿ ರಕ್ತಕ್ಕೆ ಏರುತ್ತದೆ, ಇಂತಿಷ್ಟು ಗಂಟೆಗೆ ಹಲ್ಲು ಕಡಿಯುತ್ತದೆ, ಇಂತಿಷ್ಟು ಗಂಟೆಗೆ ಕಾಲು ಕುಸಿಯುತ್ತದೆ. ಮಡಿ ಪಂಚೆಯಲ್ಲೇ ಒಳಗೆ ಓಡಿ ಅಡಿಗೆ ಸೋಡಾ ತಂದು ನೀರಲ್ಲಿ ಕದಡಿ ಸೀಸೆಯಿಂದ ಕುಡಿಸಿದರು. ಎಣ್ಣೆ ಕುಡಿಸಿದರು. ಭಾನುವಾರ, ಮೇಲೆ ಅಮಾವಾಸ್ಯೆ, ದೂರವಾಣಿ ಮಾಡಿ ಮಾಡಿ ಒಬ್ಬ ಪಶುವೈದ್ಯರು ಸಿಕ್ಕಿ ಬರುವಾಗ ಸಂಜೆ ಐದಾಗಿತ್ತು. ಬಂದವರು ಬಾಟಲಿ ಏರಿಸಿದರು. ಹೊಟ್ಟೆ ಕುಯ್ದು ತೆಗೆಯಬಹುದು, ಆದರೆ ಈ ಗಬ್ಬದಲ್ಲಿ ತಡೆದುಕೊಳ್ಳುವುದಿಲ್ಲ ಎಂದರು. ಇಷ್ಟೊಂದು ಅನ್ನ ಯಾರು ತಿನ್ನಿಸಿದರು, ಹೇಳುವವರು ಕೇಳುವವರು ಇರಲಿಲ್ಲವೇ ಎಂದು ಅವರು ಗದರಿದಾಗ ರಾಯರು ತಲೆ ತಗ್ಗಿಸಿ ಬಾಟಲಿ ಹಿಡಿದುಕೊಂಡು ನಿಂತರು. ಒಳಗೆ ಶ್ರಾದ್ಧದ ಎಲೆ ಅವರಿಗಾಗಿ ಕಾದು ಒಣಗಿತು. ಗೋದಾಬಾಯಿಯೂ ಉಣ್ಣಲಿಲ್ಲ.

ಸೋಮವಾರ ಮಧ್ಯಾಹ್ನ ಚಿಕ್ಕತಾಯಿ ರಾಯರ ಗೇಟಿನೊಳಗಿನ ಸಂಪಿಗೆ ಮರದ ಕೆಳಗೆ ಮಲಗಿದಳು. ಪಿಳ್ಳಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಕಿವಿ ತಿಕ್ಕುತ್ತಿದ್ದಳು. ಮಂಗಳವಾರ ಬೆಳಿಗ್ಗೆ ಹಾಲಿನ ಹೊತ್ತಿಗೆ ಜೀವ ಹೋಯಿತು. ವೈದ್ಯರು ಕುಯ್ದು ನೋಡಿದರು. ಹೆಣ್ಣು ಕರು, ಕಪ್ಪು ಬಣ್ಣ, ಮೈ ಮೇಲೆ ಆಗತಾನೇ ಕೂದಲು ಮೂಡುತ್ತಿತ್ತು.

ಬೀದಿಯವರು ಬಂದು ಅರಿಶಿನ ಕುಂಕುಮ ಹಾಕಿ ಹೋದರು. ಪುಣ್ಯದ ಪ್ರಾಣಿ, ಅಮಾವಾಸ್ಯೆ ಗ್ರಾಸ ಉಂಡು ನೇರ ವೈಕುಂಠಕ್ಕೆ ಹೋಯಿತು ಎಂದರು. ಬರುವ ವರ್ಷಕ್ಕೆ ಇಂಥದೇ ಇನ್ನೊಂದು ನಾಡ ಹಸು ನೋಡಿಡಿ ಡಾಕ್ಟ್ರೇ ಎಂದರು ಸರಸ್ವತಮ್ಮ. ನಿಮ್ಮ ಬಕೆಟ್ಟಿನಿಂದಲೇ ಹೋದದ್ದು ಎಂದು ಹೇಳಿಬಿಡುವ ಮಾತು ರಾಯರ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಆ ಬಕೆಟ್ಟು ಅಲ್ಲಿಗೆ ಬರುವ ಹಾಗೆ ಮಾಡಿದ ಬಾಯಿ ಯಾರದೆಂದು ಅವರಿಗೆ ಗೊತ್ತಿತ್ತು.

ಹದಿನೈದು ದಿನ ಅವರು ಗವಿಪುರದ ಕಡೆ ಹೋಗಲಿಲ್ಲ. ಹೋದಾಗ ಕೊಟ್ಟಿಗೆ ಬರಿದಾಗಿತ್ತು, ಸ್ವರೂಪ ಅಲ್ಲಿ ಸಿಮೆಂಟು ಹಾಕಿಸುತ್ತಿದ್ದ. ಅವನು ಬನ್ನಿ ಸಾರ್ ಎಂದು ಕುರ್ಚಿ ತಂದಿಟ್ಟ. ರಾಯರು ಕೂರದೆ ಪಿಳ್ಳಮ್ಮನ ಮುಂದೆ ಕೈಜೋಡಿಸಿ, ತಪ್ಪು ನನ್ನದು ತಾಯಿ, ಕ್ಷಮಿಸು ಎಂದರು. ಅಷ್ಟು ವಯಸ್ಸಿನ ಬ್ರಾಹ್ಮಣರು ತನಗೆ ಕೈಮುಗಿದದ್ದಕ್ಕೆ ಅವಳು ಗಾಬರಿಯಾದಳು.

"ಬಿಡಿ ಸ್ವಾಮಿ," ಎಂದಳು. "ಹಗ್ಗ ನನ್ನ ಕೈಯಾಗೇ ಇತ್ತು. ಎಳ್ಕೊಂಡು ಮನೆಗೆ ಬಂದ್ಬಿಡ್ಬೋದಿತ್ತು. ಒಳಗೆ ನೀವಿದೀರಲ್ಲ, ನಿಮಗೆ ಎಲ್ಲ ಗೊತ್ತಿರ್ತದೆ, ಬೇಡ ಅನ್ನೋದಾದ್ರೆ ಎದ್ದು ಬರ್ತಿದ್ರಿ ಅಂದ್ಕೊಂಡು ನಿಂತೆ."

ಅವಳು ಆಪಾದನೆಯಾಗಿ ಹೇಳಿರಲಿಲ್ಲ. ರಾಯರು ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ಅದನ್ನೇ ಹೊತ್ತುಕೊಂಡು ಬಂದರು.

ಗೋದಾಬಾಯಿ ಮತ್ತೆ ಗಂಜಿಗೆ ಇಳಿದಳು. ಮಜ್ಜಿಗೆಯ ಮಾತೆತ್ತಲಿಲ್ಲ. ರವಿಕೆಗೆ ಹೊಲಿಗೆ ಹಾಕಿ ಬಿಗಿ ಮಾಡಿಕೊಳ್ಳುತ್ತಿದ್ದುದನ್ನು ರಾಯರು ಕಂಡರೂ ಕಾಣದವರಂತೆ ಪತ್ರಿಕೆ ಎತ್ತಿಕೊಳ್ಳುತ್ತಿದ್ದರು.

ಕಾರ್ತಿಕ ಮುಗಿಯುವ ಹೊತ್ತಿಗೆ, ಚಿಕ್ಕತಾಯಿ ಈಯಬೇಕಾಗಿದ್ದ ದಿನಗಳಲ್ಲಿ, ಮಲ್ಲಿಕಾರ್ಜುನಯ್ಯ ಮಾರುಕಟ್ಟೆಗೆ ಅವರೆಕಾಯಿ ಹಾಕಲು ಬಂದವರು ಅಲ್ಲಿಂದ ನೇರ ಮನೆ ಹುಡುಕಿಕೊಂಡು ಬಂದರು. ಹೆಗಲ ಮೇಲೆ ಒಂದು ಚೀಲ ಹುರುಳಿ. ಬಾಣಂತಿ ಹಸುವಿಗೆ ಬೇಯಿಸಿ ಹಾಕಲಿ ಎಂದು ತಂದಿದ್ದರು. ಕರು ಗಂಡೋ ಹೆಣ್ಣೋ ಎಂದು ಬಾಗಿಲಲ್ಲೇ ಕೇಳಿದರು. ರಾಯರು ಚೀಲ ಇಳಿಸಿಕೊಂಡು ಅವರನ್ನು ಒಳಗೆ ಕೂರಿಸಿದರು. ಗೋದಾಬಾಯಿಯೇ ನೀರು ಕೊಟ್ಟು, ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಮಲ್ಲಿಕಾರ್ಜುನಯ್ಯ ಅಯ್ಯೋ ಶಿವನೇ ಎಂದು ಚೀಲದ ಮೇಲೆ ಕೈಯಿಟ್ಟುಕೊಂಡು ಕೂತರು. ಆಮೇಲೆ ಕೇಳಿದರು:

"ಇನ್ನೊಂದು ಅಂಥ ಹಸ ಎಲ್ಲಾದ್ರೂ ಐತಾ ರಾಯರೇ?"

"ಇಲ್ಲ."

"ಹಂಗಾದ್ರೆ ಆ ಹೋರಿ ಏನ್ಮಾಡ್ಲಿ? ನೀವು ಹೇಳಿದ್ರಿ ಅಂತ ಒಡೆಸ್ದೆ ಇಟ್ಟಿವ್ನಿ. ಕಟ್ಟಿ ಹಾಕಿದ್ರೆ ನಿಲ್ಲಲ್ಲ, ಮಕ್ಕಳಿಗೆ ಹಾಯ್ತದೆ. ಗಾಡಿಗಾದ್ರೂ ಆಗ್ತಿತ್ತು."

ರಾಯರು ಯೋಚಿಸಿದರು. ಯಾವ ಊರಿನ ಯಾವ ಕೊಟ್ಟಿಗೆಯನ್ನು ನೆನೆದರೂ ಅಲ್ಲಿ ತಾವೇ ಕೂತು ಕಾಫಿ ಕುಡಿದದ್ದು ಕಣ್ಣಿಗೆ ಬಂತು. ಒಡೆಸಿಬಿಡಿ ಎಂದರು.

"ನಮ್ಮ ಕಡೆ ಈಗ ಒಡೆಯೋರು ಯಾರೂ ಇಲ್ಲ," ಎಂದರು ಮಲ್ಲಿಕಾರ್ಜುನಯ್ಯ ಸಂಕೋಚದಿಂದ. "ಹೋರಿಗಳೇ ಇಲ್ವಲ್ಲ. ಹಿಂದೆ ನಮ್ಮಪ್ಪನ ಕಾಲ್ದಲ್ಲಿ ನೀವೇ ಬಂದು ಮಾಡ್ಕೊಟ್ಟಿದ್ರಂತೆ. ಒಂದು ದಿನ ಬಂದ್ಬಿಟ್ರೆ ಉಪಕಾರ ಆಗ್ತದೆ."

ಬರುವುದಿಲ್ಲ ಎನ್ನಲು ರಾಯರಿಗೆ ಯಾವ ಹಕ್ಕೂ ಉಳಿದಿರಲಿಲ್ಲ. ಅವರ ಮಾತಿಗೆ ಕಟ್ಟುಬಿದ್ದು ಆ ಮನುಷ್ಯ ವರ್ಷದಿಂದ ಹೋರಿ ಸಾಕಿದ್ದರು. ಮುಂದಿನ ಗುರುವಾರ ಅಟ್ಟದಿಂದ ಬೀಜ ಒಡೆಯುವ ಹಳೆಯ ಇಕ್ಕಳ ಇಳಿಸಿ, ತುಕ್ಕು ತಿಕ್ಕಿ, ಎಣ್ಣೆ ಬಿಟ್ಟು, ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು. ಗೋದಾಬಾಯಿ ಬಾಗಿಲವರೆಗೆ ಬಂದು ನಿಂತಳು.

ಹೋರಿಯನ್ನು ಹುಣಸೆಮರಕ್ಕೆ ಕಟ್ಟಿದ್ದರು. ಸಾಬೂನಿನಲ್ಲಿ ತೊಳೆದಂಥ ಕಪ್ಪು ಮೈ, ಗಿಡ್ಡ ಕಾಲು, ಎತ್ತಿದ ಹಿಣಿಲು. ಇಬ್ಬರು ಹಿಡಿದುಕೊಂಡರು. ಎರಡು ಕಡೆಗೆ ಎರಡು ಸಲ ಇಕ್ಕಳ ಒತ್ತುವ ಕೆಲಸ, ಐದು ನಿಮಿಷವೂ ಹಿಡಿಯದು. ಕೈ ಮರೆತಿರಲಿಲ್ಲ. ಮೊದಲನೆಯದು ಒತ್ತಿದಾಗ ಹೋರಿ ಒಮ್ಮೆ ಕೂಗಿತು. ಎರಡನೆಯದಕ್ಕೆ ಕೂಗಲಿಲ್ಲ, ನಡುಗಿತು. ಮುಗಿದ ಮೇಲೆ ರಾಯರು ಅಲ್ಲಿಯೇ ಮಣ್ಣಿನ ಮೇಲೆ ಕೂತುಬಿಟ್ಟರು. ಎಷ್ಟು ತಡೆದರೂ ಅಳು ನಿಲ್ಲಲಿಲ್ಲ. ಮುದುಕರು ಮಕ್ಕಳ ಹಾಗೆ ಅಳುವುದನ್ನು ಕಂಡು ಹಿಡಿದುಕೊಂಡಿದ್ದವರು ದೂರ ಸರಿದರು.

ಮಲ್ಲಿಕಾರ್ಜುನಯ್ಯ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಅವರ ಬೆನ್ನ ಮೇಲೆ ಕೈಯಿಟ್ಟರು.

"ಎರಡು ದಿನ ನೋಯ್ತದೆ ರಾಯರೇ," ಎಂದು ಸಮಾಧಾನ ಹೇಳಿದರು. "ಆಮೇಲೆ ಏನು ಹೋಯ್ತು ಅಂತ ಅದಕ್ಕೆ ಗೊತ್ತೂ ಆಗಲ್ಲ."

ರಾಯರು ಹೌದೆಂದು ತಲೆಯಾಡಿಸಿದರು.